ನಾಲ್ಕನೇ ಭಾನುವಾರ ಸವಾರಿ: ಕುದುರೆಯ ಜೊತೆ ಮಕ್ಕಳನ್ನು ಮಣ್ಣಿಗೆ ಹತ್ತಿರ ತರುವ ಬಗೆ

"ಕುದುರೆ ಕಂಡರೆ ಕಾಲು ನೋವು" ಅನ್ನುವ ಗಾದೆ ಮಕ್ಕಳ ವಿಷಯದಲ್ಲಿ ಪೂರ್ತಿ ನಿಜ. ನಮ್ಮ ತೋಟದ ಗೇಟು ದಾಟಿದ ಕೂಡಲೇ ಪ್ರತಿ ಮಗುವೂ ಕೇಳುವುದು ಒಂದೇ ಪ್ರಶ್ನೆ. "ಆಂಟಿ, ಯಾವಾಗ ಹತ್ತಿಸ್ತೀರಾ?" ನನ್ನ ಉತ್ತರವೂ ಒಂದೇ. "ನಾಲ್ಕನೇ ಭಾನುವಾರ."

ಮೊದಲ ಮೂರು ಭಾನುವಾರ ಅವರು ಹುಲ್ಲು ತೂಗುತ್ತಾರೆ, ನೀರು ಹೊರುತ್ತಾರೆ, ಲದ್ದಿ ಎತ್ತುತ್ತಾರೆ. ಕುದುರೆಯ ಬಾಯಿಗೆ ಏನು ಹೋಗುತ್ತದೆ, ಹಿಂದಿನಿಂದ ಏನು ಬರುತ್ತದೆ, ಅದು ಮತ್ತೆ ಹೇಗೆ ಹುಲ್ಲಾಗುತ್ತದೆ ಅನ್ನುವುದನ್ನು ಕೈಯಾರೆ ಮಾಡಿ ನೋಡುತ್ತಾರೆ. ಪರಿಸರದ ಪಾಠವನ್ನು ಮಕ್ಕಳು ಶಾಲೆಯಲ್ಲಿ ಬೇಕಾದಷ್ಟು ಓದಿರುತ್ತಾರೆ. ಆದರೆ ತಾವು ಹೊತ್ತು ತಂದ ನೀರನ್ನು ಒಂದು ದೊಡ್ಡ ಪ್ರಾಣಿ ಗಟಗಟ ಕುಡಿಯುವುದನ್ನು ನೋಡಿರುವುದಿಲ್ಲ. ಆ ನೋಟಕ್ಕೆ ಬೇರೆಯದೇ ಬಲವಿದೆ. ಸುಮ್ನೆ ಒಂದು ಸುತ್ತು ಸವಾರಿ ಮಾಡಿಸಿ ಕಳಿಸಿದರೆ ಇದು ಯಾವುದೂ ಸಿಗುವುದಿಲ್ಲ.

ಶ್ರೀರಂಗಪಟ್ಟಣದ ಹತ್ತಿರ ನಮ್ಮದು ಎರಡೂವರೆ ಎಕರೆ ಜಾಗ. ಎರಡು ಕುದುರೆಗಳಿವೆ. ಚೆನ್ನಿ ಹಿಂದೆ ಟಾಂಗಾ ಎಳೆಯುತ್ತಿದ್ದ ಹೆಣ್ಣು ಕುದುರೆ. ಭೀಮ ಬೀಜ ತೆಗೆಸಿದ ಗಂಡು. ನಾನು ಮಾಡಿ ನೋಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೇಷ್ಟ್ರು, ತಂದೆತಾಯಿ, ತೋಟ ಇರುವವರು, ಯಾರು ಬೇಕಾದರೂ ತಮಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಮೊದಲ ಮಾತು: ಇದಕ್ಕಾಗಿ ಕುದುರೆ ಕೊಳ್ಳಬೇಡಿ

ಕುದುರೆ 25ರಿಂದ 30 ವರ್ಷ ಬದುಕುತ್ತದೆ. ನಾಯಿಯಂತೆ ಮನೆಯ ಮೂಲೆಯಲ್ಲಿ ಇರುವ ಪ್ರಾಣಿಯಲ್ಲ. ಹಿಂಡಿನ ಪ್ರಾಣಿಯಾದ್ದರಿಂದ ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ. ಅಂದರೆ ಕನಿಷ್ಠ ಎರಡು ಬೇಕು. ಮಕ್ಕಳಿಗೆ ಪ್ರಕೃತಿ ತೋರಿಸುವ ಆಸೆಗೆ ಇಷ್ಟು ದೊಡ್ಡ ಹೊಣೆ ತಲೆ ಮೇಲೆ ಹಾಕಿಕೊಳ್ಳುವುದು ಬೇಡ.

ಕರ್ನಾಟಕಕ್ಕೆ ಕುದುರೆ ಹೊಸದಲ್ಲ. ಕುಣಿಗಲ್‌ನಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲೇ ಕುದುರೆ ಸಾಕಣೆ ಇತ್ತು. ಮೈಸೂರಿನಲ್ಲಿ ಅಶ್ವಾರೋಹಿ ಪೊಲೀಸ್ ದಳ ಇದೆ, ಟಾಂಗಾಗಳೂ ಇವೆ. ಬೆಂಗಳೂರು, ಮೈಸೂರಿನ ಸುತ್ತಮುತ್ತ ಸವಾರಿ ಕಲಿಸುವ ಜಾಗಗಳು ಸಿಗುತ್ತವೆ. ಅಂಥ ಒಂದು ಕಡೆ ಮೊದಲು ನೀವೊಬ್ಬರೇ ಹೋಗಿ ನೋಡಿ ಬನ್ನಿ. ತೊಟ್ಟಿಯಲ್ಲಿ ಚೊಕ್ಕ ನೀರಿದೆಯಾ? ಜೀನು ಕೂರುವ ಜಾಗದಲ್ಲಿ ಗಾಯವಿದೆಯಾ? ನೋಡಿಕೊಳ್ಳುವವರು ಹತ್ತಿರ ಬಂದಾಗ ಕುದುರೆ ಕಿವಿ ಮುಂದೆ ಮಾಡುತ್ತದಾ, ಹಿಂದಕ್ಕೆ ಒತ್ತುತ್ತದಾ?

ಆಮೇಲೆ ಮಾಲೀಕರನ್ನು ಮೂರು ಪ್ರಶ್ನೆ ಕೇಳಿ. ಇದಕ್ಕೆ ರಜೆ ಯಾವತ್ತು? ಲಾಳ ಹೊಡೆಯುವವರು ಕೊನೆಯ ಸಲ ಯಾವಾಗ ಬಂದಿದ್ದರು? ವಯಸ್ಸಾದ ಮೇಲೆ ಇದು ಎಲ್ಲಿಗೆ ಹೋಗುತ್ತದೆ? ಮೂರನೆಯ ಪ್ರಶ್ನೆಗೆ ಮುಖ ತಿರುಗಿಸುವ ಜಾಗಕ್ಕೆ ನಾನಂತೂ ಮಕ್ಕಳನ್ನು ಕಳಿಸುವುದಿಲ್ಲ.

ಹೋಗುವ ದಾರಿಯ ಲೆಕ್ಕವೂ ಮುಖ್ಯ. ಆರು ಮಕ್ಕಳು ಆರು ಕಾರಿನಲ್ಲಿ ಬಂದು ಹಸಿರು ಬದುಕಿನ ಪಾಠ ಕಲಿತರೆ ಅರ್ಥವಿಲ್ಲ. ನಮ್ಮಲ್ಲಿಗೆ ಬರುವವರು ಬಸ್ಸಿನಲ್ಲಿ ಬಂದು, ನಿಲ್ದಾಣದಿಂದ ಒಂದು ಕಿಲೋಮೀಟರ್ ನಡೆಯಬೇಕು. ಆ ನಡಿಗೆಯಲ್ಲೇ ಅರ್ಧ ಪಾಠ ಆಗಿಬಿಡುತ್ತದೆ.

ಎರಡನೇ ಕೆಲಸ: ಕುದುರೆಯ ಆರೋಗ್ಯ, ಮಗುವಿನ ಸುರಕ್ಷತೆ

ಮಕ್ಕಳ ಜೊತೆ ಬಿಡುವ ಕುದುರೆಗೆ ಹತ್ತು ವರ್ಷ ದಾಟಿರಲಿ. ಜನ, ಗದ್ದಲ, ಗಾಡಿ ಎಲ್ಲ ಕಂಡು ಪಳಗಿರಬೇಕು. ಟಾಂಗಾ ಎಳೆದ ಕುದುರೆಗಳು ಈ ವಿಷಯದಲ್ಲಿ ಬಹಳ ಒಳ್ಳೆಯವು. ರೇಸಿನಿಂದ ಆಗ ತಾನೇ ಹೊರಬಂದ ಕುದುರೆ ಬೇಡ. ಬೀಜ ತೆಗೆಸದ ಗಂಡು ಅಂತೂ ಬೇಡವೇ ಬೇಡ.

ಪಶುವೈದ್ಯರಿಂದ ಧನುರ್ವಾಯು ಮತ್ತು ರೇಬೀಸ್ ಲಸಿಕೆ ಹಾಕಿಸಿರಬೇಕು. ಗ್ಲಾಂಡರ್ಸ್ ಪರೀಕ್ಷೆ ಆಗಿರಬೇಕು. ಇದು ಕುದುರೆಯಿಂದ ಮನುಷ್ಯರಿಗೂ ಹರಡುವ ಕಾಯಿಲೆ. ಆದ್ದರಿಂದ ಕಾಗದ ನೋಡದೆ ಒಪ್ಪಬೇಡಿ. ಮಕ್ಕಳಿಗೂ ಧನುರ್ವಾಯು ಲಸಿಕೆ ಆಗಿದೆಯಾ ಅಂತ ಕೇಳಿ. ಆ ರೋಗಾಣು ಕುದುರೆ ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲಿ ಇರುತ್ತದೆ.

ಆರು ಮಕ್ಕಳಿಗೆ ಇಬ್ಬರು ದೊಡ್ಡವರು ಇರಬೇಕು. ಆರು ವರ್ಷ ತುಂಬದವರನ್ನು ನಾನು ಸೇರಿಸಿಕೊಳ್ಳುವುದಿಲ್ಲ. ಬೆರಳು ಮುಚ್ಚುವ ಶೂ ಕಡ್ಡಾಯ. ಚಪ್ಪಲಿ ಹಾಕಿ ಬಂದವರು ಬೇಲಿಯ ಆಚೆಯೇ ಕೂರಬೇಕು. 350 ಕಿಲೋ ತೂಕದ ಪ್ರಾಣಿ ಬೇಕಂತಲೇ ತುಳಿಯುವುದಿಲ್ಲ, ಆದರೆ ಕಾಲು ಇಡುವಾಗ ಕೆಳಗೆ ನಿಮ್ಮ ಬೆರಳಿದೆಯಾ ಅಂತ ನೋಡುವುದೂ ಇಲ್ಲ. ಹೊತ್ತು ಬೆಳಗ್ಗೆ ಆರೂವರೆಯಿಂದ ಒಂಬತ್ತು. ಮಾರ್ಚ್ ಕಳೆದ ಮೇಲೆ ಅದಕ್ಕಿಂತ ತಡವಾದರೆ ಕುದುರೆಗೂ ಕಷ್ಟ, ಮಕ್ಕಳಿಗೂ ಕಷ್ಟ.

ಮೊದಲ ಭಾನುವಾರ: ಸುಮ್ಮನೆ ಕೂತು ನೋಡುವುದು

ಮಕ್ಕಳನ್ನು ಬೇಲಿಯ ಹೊರಗೆ ಗೋಣಿಚೀಲದ ಮೇಲೆ ಕೂರಿಸಿ. ಇಪ್ಪತ್ತು ನಿಮಿಷ ಮಾತಿಲ್ಲ, ಮೊಬೈಲಿಲ್ಲ. ಕುದುರೆಗಳು ಹುಲ್ಲು ಮೇಯುತ್ತಿರಲಿ. ಮೊದಲ ಐದು ನಿಮಿಷ ಮಕ್ಕಳು ಚಡಪಡಿಸುತ್ತಾರೆ. ಹತ್ತನೇ ನಿಮಿಷಕ್ಕೆ ಯಾರಾದರೊಬ್ಬರು ಏನೋ ಕಂಡುಹಿಡಿಯುತ್ತಾರೆ. ಬಾಲ ಬೀಸುವುದು ನೊಣಕ್ಕೆ ಅಂತಲೋ, ಒಂದು ಕಿವಿ ಈ ಕಡೆ ಇನ್ನೊಂದು ಆ ಕಡೆ ತಿರುಗಿದೆ ಅಂತಲೋ. ಆಮೇಲೆ ಅವರನ್ನು ಎಬ್ಬಿಸುವುದೇ ಕಷ್ಟ.

ನನಗೆ ಕುದುರೆ ಸಾಕುವುದನ್ನು ಕಲಿಸಿದವರು ಒಬ್ಬ ವಯಸ್ಸಾದ ಟಾಂಗಾ ಸಾಹೇಬರು. ಅವರು ಮೊದಲ ದಿನ ಹೇಳಿದ್ದು ಇಷ್ಟೇ. "ಇದು ಬಾಯಲ್ಲಿ ಮಾತಾಡಲ್ಲಮ್ಮ, ಕಿವೀಲಿ ಮಾತಾಡ್ತದೆ." ಮಕ್ಕಳಿಗೆ ನಾನು ಅದೇ ಪಾಠ ಮಾಡುತ್ತೇನೆ. ಕಿವಿ ಮುಂದಿದ್ದರೆ ಕುತೂಹಲ. ಪಕ್ಕಕ್ಕೆ ಇಳಿಬಿದ್ದಿದ್ದರೆ ನೆಮ್ಮದಿ. ತಲೆಗೆ ಅಂಟಿದಂತೆ ಹಿಂದಕ್ಕೆ ಮಲಗಿದ್ದರೆ ದೂರ ನಿಲ್ಲು ಅಂತ ಅರ್ಥ.

ಆಮೇಲೆ ಉಸಿರು ಎಣಿಸಲು ಹೇಳಿ. ಪಕ್ಕೆಯ ಏರಿಳಿತ ನೋಡಿದರೆ ಸಾಕು. ಆರಾಮಾಗಿರುವ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಮಕ್ಕಳು ತಮ್ಮದನ್ನೂ ಎಣಿಸಲಿ. ತಮ್ಮ ಉಸಿರು ಅದಕ್ಕಿಂತ ಜಾಸ್ತಿ ಅಂತ ಗೊತ್ತಾದಾಗ ತಾವಾಗಿಯೇ ನಿಧಾನ ಆಗುತ್ತಾರೆ.

ಕೊನೆಯ ಅರ್ಧ ಗಂಟೆ ಹತ್ತಿರ ಹೋಗುವ ರೀತಿ ಕಲಿಸಿ. ಕುದುರೆಯ ಕಣ್ಣು ತಲೆಯ ಎರಡೂ ಪಕ್ಕದಲ್ಲಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಹಾಗಾಗಿ ಭುಜದ ಕಡೆಯಿಂದ, ಮೆಲ್ಲಗೆ ಮಾತಾಡುತ್ತಾ ಹೋಗಬೇಕು. ಹಿಂದೆ ಯಾವತ್ತೂ ನಿಲ್ಲಬಾರದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ತಿನ್ನಿಸುವಾಗ ಬೆರಳು ಬಿಡಿಸಿ, ಅಂಗೈ ಚಪ್ಪಟೆ ಮಾಡಿ ಹಿಡಿಯಬೇಕು. ಮೊದಲ ದಿನ ಕುದುರೆಯನ್ನು ಮುಟ್ಟುವುದು ಭುಜದ ಮೇಲೆ, ಒಂದೇ ಸಲ. ಅಷ್ಟು ಸಾಕು.

ಎರಡನೇ ಭಾನುವಾರ: ಬಾಯಿಗೆ ಏನು ಹೋಗುತ್ತದೆ

ಇವತ್ತು ತಕ್ಕಡಿ, ಬಕೆಟ್ಟು, ನೋಟ್‌ಬುಕ್ಕು ಬೇಕು.

ಕುದುರೆ ದಿನಕ್ಕೆ ತನ್ನ ತೂಕದ ಸುಮಾರು ನೂರರಲ್ಲಿ ಎರಡು ಪಾಲಿನಷ್ಟು ಒಣ ಮೇವು ತಿನ್ನುತ್ತದೆ. 350 ಕಿಲೋ ಕುದುರೆಗೆ 7 ಕಿಲೋ. ಈ ಲೆಕ್ಕವನ್ನು ಮಕ್ಕಳೇ ಮಾಡಿ, ಮಕ್ಕಳೇ ತೂಗಲಿ. 7 ಕಿಲೋ ಒಣಹುಲ್ಲು ಅಂದರೆ ಎಷ್ಟು ದೊಡ್ಡ ಹೊರೆ ಅಂತ ಕಂಡಾಗ ಅವರ ಕಣ್ಣು ಅರಳುತ್ತದೆ. ತಿಂಗಳಿಗೆ 210 ಕಿಲೋ. ಅದು ಎಲ್ಲಿಂದ ಬರುತ್ತದೆ? ಇಲ್ಲಿ ನಮ್ಮ ಕಡೆಯ ಹೊಲಗಳು ಮಾತಿಗೆ ಬರುತ್ತವೆ. ರಾಗಿಯ ತೆನೆ ನಮ್ಮ ಮುದ್ದೆಗೆ, ಹುಲ್ಲು ಪ್ರಾಣಿಗಳಿಗೆ. ನಾವು ರಾಗಿ ಹುಲ್ಲನ್ನು ಬೇರೆ ಒಣಹುಲ್ಲಿನ ಜೊತೆ ಬೆರೆಸಿ ಕೊಡುತ್ತೇವೆ. ಒಂದೇ ಗಿಡ ಎರಡು ಹೊಟ್ಟೆ ತುಂಬಿಸುತ್ತದೆ ಅಂತ ಪಟ್ಟಣದ ಮಕ್ಕಳಿಗೆ ಹೊಳೆದಿರುವುದೇ ಇಲ್ಲ.

ಹುರುಳಿಯನ್ನು ಬೇಯಿಸಿ ಒಂದಿಷ್ಟು ಕೊಡುತ್ತೇವೆ. ಮಕ್ಕಳ ಕೈಯಲ್ಲಿ ಕೊಡಿಸಿ, ಆದರೆ ಅಳತೆ ನಿಮ್ಮದಿರಲಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಕಾಳು ಜಾಸ್ತಿಯಾದರೆ, ಬೂಷ್ಟು ಹಿಡಿದ ಹುಲ್ಲು ಹೋದರೆ ಹೊಟ್ಟೆಶೂಲೆ ಬಂದು ಜೀವಕ್ಕೇ ಅಪಾಯ. ಮನೆಯಿಂದ ಬಿಸ್ಕತ್ತು, ಚಾಕೊಲೇಟ್ ತಂದು ಪ್ರೀತಿಯಿಂದ ತಿನ್ನಿಸುವುದನ್ನು ಮೊದಲ ದಿನವೇ ತಡೆಯಬೇಕು. ಹಸುವಿನ ಫೀಡೂ ಬೇಡ. ಅದರಲ್ಲಿ ಕೆಲವೊಮ್ಮೆ ಬೆರೆಸುವ ಮೊನೆನ್ಸಿನ್ ಅನ್ನುವ ಔಷಧಿ ಕುದುರೆಗೆ ವಿಷ.

ಇನ್ನು ನೀರು. ಒಂದು ಕುದುರೆಗೆ ದಿನಕ್ಕೆ ಸುಮಾರು 30 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಪೈಪು ಹಾಕಿ ತೊಟ್ಟಿ ತುಂಬಿಸುವುದು ಎರಡು ನಿಮಿಷದ ಕೆಲಸ. ಆ ದಿನ ಮಾತ್ರ ನಾನು ಪೈಪು ಮುಟ್ಟುವುದಿಲ್ಲ. ಮಕ್ಕಳು ಮೂರು ಲೀಟರಿನ ಕ್ಯಾನು ಹಿಡಿದು ಬಾವಿಯ ಹತ್ತಿರದಿಂದ ಹೊರುತ್ತಾರೆ. ಎರಡು ಕುದುರೆಗೆ ಇಪ್ಪತ್ತು ಕ್ಯಾನು. ದಾರಿಯಲ್ಲಿ ಚೆಲ್ಲಿದರೆ ಅದೂ ಲೆಕ್ಕಕ್ಕೆ ಬರುತ್ತದೆ, ಇನ್ನೊಂದು ಸಲ ಹೋಗಬೇಕು. ಎಲ್ಲ ಮುಗಿದು ಬೆವರು ಒರೆಸಿಕೊಳ್ಳುವಾಗ ನಾನು ಒಂದು ಮಾತು ಹೇಳುತ್ತೇನೆ. ಕಮೋಡಿನ ಫ್ಲಶ್ ಒಂದು ಸಲ ಒತ್ತಿದರೆ 6ರಿಂದ 10 ಲೀಟರ್ ಹೋಗುತ್ತದೆ. ಅಂದರೆ ಎರಡು ಮೂರು ಕ್ಯಾನು. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಬೇಕಾಗಿಲ್ಲ. ಒಬ್ಬ ಹುಡುಗಿ ಮನೆಗೆ ಹೋಗಿ ಅಕ್ಕಿ ತೊಳೆದ ನೀರನ್ನು ಬಕೆಟ್ಟಿಗೆ ತುಂಬಿಡಲು ಶುರುಮಾಡಿದಳಂತೆ. ಅವಳ ಅಜ್ಜಿ ಫೋನ್ ಮಾಡಿ ಹೇಳಿದರು. ಅಜ್ಜಿಗೆ ಅದು ಹಳೆಯ ಅಭ್ಯಾಸವೇ, ಮನೆಯಲ್ಲಿ ಕೇಳುವವರು ಇರಲಿಲ್ಲ ಅಷ್ಟೇ.

ಉಳಿದ ಹೊತ್ತು ಕುದುರೆಯ ಜೊತೆ ಮೇವಿನ ನಡಿಗೆ. ದೊಡ್ಡವರೊಬ್ಬರು ಹಗ್ಗ ಹಿಡಿದು ಚೆನ್ನಿಯನ್ನು ಮೇಯಲು ಬಿಡುತ್ತಾರೆ. ಮಕ್ಕಳು ಪಕ್ಕದಲ್ಲಿ, ದೂರ ಇಟ್ಟುಕೊಂಡು, ಅದು ಯಾವುದನ್ನು ತಿಂದಿತು ಯಾವುದನ್ನು ಬಿಟ್ಟಿತು ಅಂತ ಬರೆದುಕೊಳ್ಳುತ್ತಾರೆ. ಮೇಲ್ತುಟಿಯಿಂದ ಒಂದೊಂದೇ ಎಲೆಯನ್ನು ಅತ್ತಿತ್ತ ಸರಿಸಿ ಆರಿಸುವುದನ್ನು ಹತ್ತಿರದಿಂದ ನೋಡಬೇಕು. ನಮ್ಮಲ್ಲಿ ಚೆನ್ನಿ ಮೊದಲು ಹುಡುಕುವುದು ಗರಿಕೆಯನ್ನು. "ಗಣಪತಿಗೆ ಇಡೋ ಹುಲ್ಲು!" ಅಂತ ಯಾವುದಾದರೂ ಮಗು ಕೂಗಿಯೇ ಕೂಗುತ್ತದೆ. ಪಾರ್ಥೇನಿಯಂ, ಲಂಟಾನವನ್ನು ಮೂಸಿ ಬಿಟ್ಟುಬಿಡುತ್ತದೆ.

ಆದರೆ ಕುದುರೆಯ ಬುದ್ಧಿಯನ್ನೇ ಪೂರ್ತಿ ನಂಬಬೇಡಿ. ಕಣಗಿಲೆ, ಹರಳುಬೀಜ, ಬೆಣ್ಣೆಹಣ್ಣಿನ ಎಲೆ ಇವೆಲ್ಲ ಕುದುರೆಗೆ ವಿಷ. ಸುಬಾಬುಲ್ ಜಾಸ್ತಿ ತಿಂದರೆ ಕತ್ತಿನ ಕೂದಲು, ಬಾಲದ ಕೂದಲು ಉದುರುತ್ತದೆ. ಮಕ್ಕಳು ಬರುವ ಮುಂಚೆ ನೀವೊಂದು ಸುತ್ತು ಹಾಕಿ, ಇವು ಎಲ್ಲಿವೆ ಅಂತ ಗುರುತು ಮಾಡಿಡಿ. ವಿಷದ ಗಿಡಗಳ ಪರಿಚಯ ಮಕ್ಕಳಿಗೂ ಆಗುತ್ತದೆ.

ಇನ್ನೊಂದು ಸಂಗತಿ ತೋರಿಸಿ. ಹಸುವಿಗೆ ಮುಂದಿನ ಮೇಲ್ದವಡೆಯಲ್ಲಿ ಹಲ್ಲಿಲ್ಲ, ನಾಲಿಗೆಯಿಂದ ಹುಲ್ಲನ್ನು ಸುತ್ತಿ ಕೀಳುತ್ತದೆ. ಕುದುರೆಗೆ ಮೇಲೂ ಕೆಳಗೂ ಹಲ್ಲಿದೆ, ಬುಡದವರೆಗೆ ಕತ್ತರಿಸಿ ತಿನ್ನುತ್ತದೆ. ಒಂದೇ ಕಡೆ ಬಿಟ್ಟರೆ ಕೆಲವೇ ದಿನದಲ್ಲಿ ನೆಲ ಬೋಳು. ಅದಕ್ಕೇ ನಾವು ಮೇವಿನ ಜಾಗವನ್ನು ನಾಲ್ಕು ಪಾಲು ಮಾಡಿದ್ದೇವೆ. ಹುಲ್ಲು ಮಗುವಿನ ನಾಲ್ಕು ಬೆರಳ ಅಗಲಕ್ಕೆ ಇಳಿದರೆ ಪಕ್ಕದ ಪಾಲಿಗೆ ಬದಲಾವಣೆ. ಅಳೆಯುವ ಕೆಲಸ ಮಕ್ಕಳದು. ಕುದುರೆಗಳು ಯಾವ ಪಾಲಿಗೆ ಹೋಗಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ, ನಾನು ಬೇಲಿ ತೆಗೆಯುತ್ತೇನೆ.

ಮೂರನೇ ಭಾನುವಾರ: ಲದ್ದಿ

ನನಗೆ ಅತಿ ಇಷ್ಟದ ದಿನ ಇದೇ. ಮಕ್ಕಳು ಮೂಗು ಮುಚ್ಚಿಕೊಂಡು ಬರುತ್ತಾರೆ. ಅರ್ಧ ಗಂಟೆಯಲ್ಲಿ ಕೈ ತೆಗೆಯುತ್ತಾರೆ. ಕುದುರೆಯ ಲದ್ದಿ ಹೆಚ್ಚುಕಡಿಮೆ ಹುಲ್ಲೇ, ವಾಸನೆಯೂ ಅಷ್ಟಿಲ್ಲ. ಒಂದು ಉಂಡೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿದರೆ ಒಳಗೆ ಹುಲ್ಲಿನ ಎಳೆ ಕಾಣುತ್ತದೆ. ಹೋದ ವಾರ ತೂಗಿದ ಹುಲ್ಲಿನಂಥದ್ದೇ ಎಳೆ.

ಒಂದು ದಿನದ ಲದ್ದಿ ಸುಮಾರು 12ರಿಂದ 15 ಕಿಲೋ. ಒಂದು ವರ್ಷಕ್ಕೆ ಹತ್ತಿರ ಹತ್ತಿರ ಐದು ಟನ್. "ಇಷ್ಟೆಲ್ಲ ಎಲ್ಲಿಗೆ ಹೋಗುತ್ತದೆ?" ಅಂತ ಕೇಳಿ ಸುಮ್ಮನಾಗಿ. ಉತ್ತರ ಅವರೇ ಹುಡುಕಲಿ.

ಗೊಬ್ಬರದ ಗುಡ್ಡೆ ಹೀಗೆ ಮಾಡಿ. ಮಳೆ ನೀರು ನಿಲ್ಲದ, ಬಾವಿಯಿಂದ ದೂರದ ಜಾಗ ಆರಿಸಿ. ಕೆಳಗೆ ಒಣ ಕಡ್ಡಿ ಹರಡಿ. ಮೇಲೆ ಲದ್ದಿ, ಲಾಯದಲ್ಲಿ ಹಾಸಿದ್ದ ಒಣಹುಲ್ಲು, ಅಡುಗೆಮನೆಯ ತರಕಾರಿ ಸಿಪ್ಪೆ, ಒಣಗಿದ ಎಲೆ ಒಂದರ ಮೇಲೊಂದು ಹಾಕಿ. ಅಗಲ, ಉದ್ದ, ಎತ್ತರ ಮೂರೂ ಕನಿಷ್ಠ ಮೂರಡಿ ಇರಲಿ. ಅದಕ್ಕಿಂತ ಚಿಕ್ಕದಾದರೆ ಒಳಗೆ ಶಾಖ ನಿಲ್ಲುವುದಿಲ್ಲ. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಮೇಲೆ ಗೋಣಿ ಮುಚ್ಚಿ.

ಆಮೇಲೆ ಒಂದು ಕಬ್ಬಿಣದ ಸರಳನ್ನು ಗುಡ್ಡೆಯ ನಡುವಿಗೆ ಚುಚ್ಚಿಡಿ. ಹೊಸ ಗುಡ್ಡೆ ಬಿಸಿಯಾಗಲು ಕೆಲವು ದಿನ ಬೇಕು. ಆದ್ದರಿಂದ ಮುಂಚೆಯೇ ಹಾಕಿದ ಇನ್ನೊಂದು ಗುಡ್ಡೆಯಲ್ಲಿ ಇದನ್ನು ತೋರಿಸಿ. ಹತ್ತು ನಿಮಿಷ ಬಿಟ್ಟು ಸರಳು ಎಳೆದು, ಮೊದಲು ನೀವು ಮುಟ್ಟಿ ನೋಡಿ, ಆಮೇಲೆ ಮಕ್ಕಳಿಗೆ ಕೊಡಿ. ಬೆಂಕಿಯಿಲ್ಲದೆ ಕಬ್ಬಿಣ ಬಿಸಿಯಾಗಿರುತ್ತದೆ! ಚಳಿಗಾಲದ ಬೆಳಗ್ಗೆ ಗುಡ್ಡೆ ಕೆದಕಿದರೆ ಹಬೆಯೇ ಏಳುತ್ತದೆ. ಕಣ್ಣಿಗೆ ಕಾಣದ ಕೋಟಿ ಜೀವಿಗಳು ಒಳಗೆ ಊಟ ಮಾಡುತ್ತಿವೆ, ಅದರ ಬಿಸಿ ಇದು ಅಂತ ಹೇಳಿದಾಗ ಮಕ್ಕಳ ಮುಖ ನೋಡಬೇಕು. ಥರ್ಮಾಮೀಟರ್ ಇದ್ದರೆ ಅಳೆಯಿರಿ. 55 ಡಿಗ್ರಿ ದಾಟಿ ಕೆಲವು ದಿನ ನಿಲ್ಲಬೇಕು. ಕುದುರೆಯ ಹೊಟ್ಟೆಯಲ್ಲಿ ಕಳೆಬೀಜ ಪೂರ್ತಿ ಅರಗುವುದಿಲ್ಲ, ಈ ಶಾಖವೇ ಅದನ್ನೂ ಜಂತಿನ ಮೊಟ್ಟೆಯನ್ನೂ ಸಾಯಿಸುವುದು. ವಾರಕ್ಕೊಮ್ಮೆ ಗುದ್ದಲಿ ಹಾಕಿ ಹೊರಗಿನದನ್ನು ಒಳಗೆ ಮಾಡಬೇಕು.

ನಾಲ್ಕು ವಾರದಲ್ಲಿ ಗೊಬ್ಬರ ಆಗುವುದಿಲ್ಲ. ಮೂರು ತಿಂಗಳಾದರೂ ಬೇಕು. ಇದನ್ನು ಮಕ್ಕಳಿಗೆ ಮುಚ್ಚಿಡಬೇಡಿ. ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರತಿ ತಂಡವೂ ಹಿಂದಿನ ತಂಡ ಮಾಡಿದ ಗೊಬ್ಬರ ಬಳಸಿ ಹರಿವೆ, ಮೆಂತ್ಯ ಬಿತ್ತುತ್ತದೆ. ತಾನು ಹಾಕಿದ ಗುಡ್ಡೆಯನ್ನು ಮುಂದೆ ಬರುವವರಿಗೆ ಬಿಟ್ಟು ಹೋಗುತ್ತದೆ. ಗುಡ್ಡೆಗೆ ಒಂದು ಹಲಗೆ ನೆಟ್ಟು ಹೆಸರು, ತಾರೀಖು ಬರೆಯುತ್ತಾರೆ. ತಾವು ನೋಡದೇ ಇರುವ ಮಕ್ಕಳಿಗೋಸ್ಕರ ಕೆಲಸ ಮಾಡಿ ಹೋಗುವುದು ಅವರಿಗೆ ಬಹಳ ಹೆಮ್ಮೆ.

ನನ್ನಿಂದ ಆದ ಒಂದು ತಪ್ಪನ್ನು ಹೇಳಲೇಬೇಕು. ಮೊದಲ ವರ್ಷ ಕುದುರೆಗಳಿಗೆ ಜಂತಿನ ಔಷಧಿ ಕೊಟ್ಟ ಮಾರನೇ ದಿನದ ಲದ್ದಿಯನ್ನೇ ಎರೆಹುಳುವಿನ ತೊಟ್ಟಿಗೆ ಹಾಕಿಸಿದೆ. ಕೆಲವೇ ದಿನದಲ್ಲಿ ಹುಳುಗಳು ಸತ್ತು ಬಿದ್ದಿದ್ದವು. ಐವರ್‌ಮೆಕ್ಟಿನ್‌ನಂಥ ಔಷಧಿ ಲದ್ದಿಯ ಮೂಲಕ ಹೊರಬರುತ್ತದೆ. ಲದ್ದಿಯಲ್ಲಿ ಬೆಳೆಯುವ ಸಗಣಿ ಹುಳುಗಳಿಗೂ ಅದು ಮಾರಕ. ಈಗ ಔಷಧಿ ಕೊಟ್ಟ ಮೇಲಿನ ಎರಡು ವಾರದ ಲದ್ದಿಯನ್ನು ಬೇರೆ ಗುಂಡಿಗೆ ಹಾಕಿ, ಮುಚ್ಚಿ, ವರ್ಷವಿಡೀ ಬಿಟ್ಟುಬಿಡುತ್ತೇವೆ. ಔಷಧಿ ಕೊಡುವುದನ್ನೂ ಅಂದಾಜಿನಲ್ಲಿ ಮಾಡುವುದಿಲ್ಲ. ವೈದ್ಯರಿಂದ ಲದ್ದಿ ಪರೀಕ್ಷೆ ಮಾಡಿಸಿ, ಜಂತು ಇದ್ದರೆ ಮಾತ್ರ.

ಮೇವಿನ ಜಾಗದಲ್ಲಿ ಒಂದೆರಡು ಲದ್ದಿ ರಾಶಿ ಹಾಗೇ ಬಿಡಿ. ಮಳೆಗಾಲದಲ್ಲಿ ಅಲ್ಲಿ ಕೂತು ನೋಡಿದರೆ ಸಗಣಿ ಹುಳುಗಳು ಬಂದು ತೋಡುವುದು ಕಾಣುತ್ತದೆ. ಹುಳು ಹೆಕ್ಕಲು ಗೊರವಂಕ ಬರುತ್ತದೆ. ಕುದುರೆ ನಡೆದಾಗ ಹಾರುವ ಮಿಡತೆಗಾಗಿ ಗೋವಕ್ಕಿ ಕಾಲಬುಡದಲ್ಲೇ ಓಡಾಡುತ್ತದೆ. ಕಾಜಾಣ ಬೆನ್ನೇರಿ ಕೂರುತ್ತದೆ. "ನಾವಿನ್ನೂ ಹತ್ತಿಲ್ಲ, ಅದು ಹತ್ತಿಬಿಡ್ತು" ಅಂದಿದ್ದ ಒಬ್ಬ ಹುಡುಗ.

ಕೊನೆಗೆ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆಸಿ. ಆಮೇಲೆಯೇ ತಿಂಡಿ.

ನಾಲ್ಕನೇ ಭಾನುವಾರ: ಮೈ ಉಜ್ಜುವುದು, ಜೊತೆಗೆ ನಡೆಯುವುದು, ಆಮೇಲೆ ಸವಾರಿ

ಮೊದಲು ಮಾಲೀಸು. ರಬ್ಬರ್ ಬ್ರಷ್‌ನಿಂದ ಕತ್ತಿನ ಕಡೆಯಿಂದ ಶುರುಮಾಡಿ ಗುಂಡಗೆ ಉಜ್ಜಿ, ಆಮೇಲೆ ಮೆತ್ತನೆ ಬ್ರಷ್‌ನಿಂದ ಕೂದಲು ಮಲಗಿದ ದಿಕ್ಕಿಗೆ ಎಳೆಯಬೇಕು. ಕುದುರೆಗೆ ಹಿತವಾದರೆ ಕೆಳತುಟಿ ಜೋತುಬೀಳುತ್ತದೆ, ಒಂದು ಹಿಂಗಾಲು ಸಡಿಲ ಬಿಡುತ್ತದೆ. ಉದುರಿದ ಮೈಗೂದಲನ್ನು ಬೇಲಿಗೆ ಸಿಕ್ಕಿಸಿಟ್ಟರೆ ಹಕ್ಕಿಗಳು ಗೂಡಿಗೆ ಒಯ್ಯುತ್ತವೆ. ಬಾಲದ ಉದ್ದ ಕೂದಲನ್ನು ಹಾಗೇ ಇಡಬೇಡಿ, ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಬೆರಳುದ್ದಕ್ಕೆ ಕತ್ತರಿಸಿ. ಗೊರಸಿನ ಮಣ್ಣು ಕೆರೆಯುವ ಕೆಲಸ ದೊಡ್ಡವರದು, ಮಕ್ಕಳು ನೋಡಲಿ. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ. 6ರಿಂದ 8 ವಾರಕ್ಕೊಮ್ಮೆ ಕತ್ತರಿಸಬೇಕು.

ಆಮೇಲೆ ಹಗ್ಗ ಹಿಡಿದು ನಡಿಗೆ. ಮಗು ಕುದುರೆಯ ಭುಜದ ಪಕ್ಕ, ದೊಡ್ಡವರೊಬ್ಬರು ಇನ್ನೊಂದು ಪಕ್ಕ. ನಾಲೆ ಏರಿಯ ಮೇಲೆ ಅರ್ಧ ಕಿಲೋಮೀಟರ್ ಹೋಗಿ ಬರುತ್ತೇವೆ. ಕುದುರೆ ನಿಂತು ಕಿವಿ ತಿರುಗಿಸಿದ ಕಡೆ ಎಲ್ಲರೂ ನಿಂತು ಕೇಳಬೇಕು. ಮಿಂಚುಳ್ಳಿಯೋ, ದೂರದ ಟ್ರ್ಯಾಕ್ಟರೋ, ಕೇರೆ ಹಾವು ಸರಿದದ್ದೋ, ಮಕ್ಕಳಿಗಿಂತ ಮೊದಲು ಅದಕ್ಕೆ ಗೊತ್ತಾಗಿರುತ್ತದೆ. ನಾಲ್ಕು ಭಾನುವಾರದಲ್ಲಿ ಮಕ್ಕಳಿಗೆ ಏನು ಇಷ್ಟವಾಯಿತು ಅಂತ ಕೇಳಿದರೆ ಸವಾರಿಗಿಂತ ಈ ನಡಿಗೆಯನ್ನು ಹೇಳುವವರೇ ಜಾಸ್ತಿ.

ಈಗ ಸವಾರಿ. ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ಇಲ್ಲದೆ ಯಾರೂ ಹತ್ತುವಂತಿಲ್ಲ. ಜೀನು ಸೇರಿ ಹೊರೆ ಕುದುರೆಯ ತೂಕದ ನೂರರಲ್ಲಿ 15ರಿಂದ 20 ಪಾಲು ಮೀರಬಾರದು. 350 ಕಿಲೋ ಕುದುರೆಗೆ ಹೆಚ್ಚೆಂದರೆ 50ರಿಂದ 70 ಕಿಲೋ, ಹಾಗಾಗಿ ಮಕ್ಕಳಿಗೆ ತೊಂದರೆಯಿಲ್ಲ. "ನಾನೂ ಒಂದು ರೌಂಡ್" ಅನ್ನುವ ದೊಡ್ಡವರಿಗೆ ಈ ಲೆಕ್ಕ ತೋರಿಸಿ. ಒಬ್ಬರು ಹಗ್ಗ ಹಿಡಿದು, ಇನ್ನೊಬ್ಬರು ಮಗುವಿನ ಪಕ್ಕ ನಡೆದು, ಬರೀ ನಡಿಗೆಯ ವೇಗದಲ್ಲಿ ಹತ್ತು ನಿಮಿಷ. ಒಂದು ಕುದುರೆಗೆ ಒಂದು ಬೆಳಗ್ಗೆ ಮೂರೇ ಮಕ್ಕಳು. ಆ ದಿನ ಕಿವಿ ಹಿಂದಕ್ಕೆ ಒತ್ತಿಕೊಂಡೇ ಇದ್ದರೆ, ಕುಂಟುತ್ತಿದ್ದರೆ, ಮೇವು ಬಿಟ್ಟಿದ್ದರೆ ಸವಾರಿ ಇಲ್ಲ. ಹಾಗೆ ಎರಡು ಸಲ ಆಗಿದೆ. ಅಪ್ಪ ಅಮ್ಮಂದಿರಿಗೆ ಬೇಜಾರಾಯಿತು. ಮಕ್ಕಳು ಮಾತ್ರ, "ಚೆನ್ನಿಗೆ ಇವತ್ತು ಆಗಲ್ಲ" ಅಂತ ಅವರಿಗೇ ಬಿಡಿಸಿ ಹೇಳಿದರು.

ಮಗುವಿಗೆ ಹೆದರಿಕೆಯಾದರೆ ಒತ್ತಾಯ ಬೇಡ, ಮಾಲೀಸು ಮಾಡುತ್ತಾ ಇರಲಿ. ಇಳಿದ ಮೇಲೆ ಜೀನು ಬಿಚ್ಚುವಾಗ ಕೈ ಕೊಡುವುದು, ಬೆನ್ನಿನ ಬೆವರು ಒರೆಸುವುದು, ಮೂರು ಲೀಟರಿನ ಕ್ಯಾನು ಹಿಡಿದು ಮತ್ತೆ ಬಾವಿಯ ಕಡೆ ಹೋಗುವುದು, ಇದೆಲ್ಲ ಸವಾರಿ ಮಾಡಿದ ಮಗುವಿನದೇ ಕೆಲಸ.